ಮೈಕಿನ ಮುಂದೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಬಡಾವಣೆಯ ರಾಜ್ಯೋತ್ಸವದಲ್ಲಿ ಮಾತಾಡಲು ನನಗೆ 8 ನಿಮಿಷ ಕೊಟ್ಟಿದ್ದಾರೆ. ಬರೆದದ್ದು 6 ಪುಟ ಆಗಿದೆ. ಕದಂಬರಿಂದ ಜ್ಞಾನಪೀಠದವರೆಗೆ ಎಲ್ಲವೂ ಇದೆ. ಯಾವುದನ್ನು ಬಿಡಲಿ?
– ನಿವೃತ್ತ ಬ್ಯಾಂಕ್ ನೌಕರರು, ತುಮಕೂರು

ಕದಂಬರನ್ನೂ ಬಿಡಿ, ಜ್ಞಾನಪೀಠವನ್ನೂ ಬಿಡಿ. ಮೊದಲು ಲೆಕ್ಕ ನೋಡೋಣ. ಕನ್ನಡದಲ್ಲಿ ಪ್ರತ್ಯಯಗಳೆಲ್ಲ ಪದದ ಬಾಲಕ್ಕೇ ಅಂಟುವುದರಿಂದ ಪದಗಳು ಉದ್ದ. ಸಭೆಗೆ ಹಿತವಾಗಿ ಕೇಳಿಸುವ ನಿಧಾನದಲ್ಲಿ ನಿಮಿಷಕ್ಕೆ 90ರಿಂದ 100 ಪದ ಸಾಗಿದರೆ ಹೆಚ್ಚು. ಅಂದರೆ 8 ನಿಮಿಷಕ್ಕೆ ಸುಮಾರು 750 ಪದ. ವೇದಿಕೆಯಲ್ಲಿ 7 ಮಂದಿ ಕೂತಿದ್ದು, ಒಬ್ಬೊಬ್ಬರ ಹೆಸರು, ಹುದ್ದೆ, ಬಿರುದಿಗೆ 8 ಸೆಕೆಂಡ್ ಕೊಟ್ಟರೆ ಅಲ್ಲೇ ಒಂದು ನಿಮಿಷ ಹೋಯಿತು. ನಿರೂಪಕರು, ಸ್ವಾಗತ ಮಾಡಿದವರು ಆ ಹೆಸರುಗಳನ್ನು ಆಗಲೇ ಹೇಳಿರುತ್ತಾರೆ. ‘ಅಧ್ಯಕ್ಷರೇ, ವೇದಿಕೆಯ ಹಿರಿಯರೇ, ನೆರೆಹೊರೆಯವರೇ’ ಎಂದರೆ ಸಾಕು, ಯಾರೂ ಮುನಿಸಿಕೊಳ್ಳುವುದಿಲ್ಲ. ಮುನಿಸಿಕೊಂಡರೆ ಒಬ್ಬರೋ ಇಬ್ಬರೋ!

ಇನ್ನು ವಿಷಯ. ಒಂದೇ ಒಂದು ಸಂಗತಿ ಹಿಡಿಯಿರಿ. ಏಕೀಕರಣಕ್ಕೆ ಮುಂಚೆ ಕನ್ನಡದ ಊರುಗಳು ಎಲ್ಲೆಲ್ಲಿ ಹಂಚಿದ್ದವು ಎಂಬುದನ್ನೇ ತೆಗೆದುಕೊಳ್ಳಿ. ‘ನಾವು ಹರಿದು ಹಂಚಿಹೋಗಿದ್ದೆವು’ ಎಂಬ ಮಾತನ್ನು ಪ್ರತಿ ನವೆಂಬರಿನಲ್ಲೂ ಕೇಳಿ ಕೇಳಿ ಜನರ ಕಿವಿ ಮೊಂಡಾಗಿದೆ. ಅದರ ಬದಲು ‘ಧಾರವಾಡದವರ ಸರ್ಕಾರ ಮುಂಬೈಯಲ್ಲಿ, ಬೀದರಿನವರದ್ದು ಹೈದರಾಬಾದಿನಲ್ಲಿ, ಮಂಗಳೂರಿನವರದ್ದು ಮದ್ರಾಸಿನಲ್ಲಿ, ಮಡಿಕೇರಿಯವರದ್ದು ಮಡಿಕೇರಿಯಲ್ಲೇ’ ಎನ್ನಿ. ಕೊನೆಯ ಸಾಲಿನಲ್ಲಿ ಕೂತವರಿಗೂ ನಕ್ಷೆ ಕಣ್ಣಿಗೆ ಕಟ್ಟುತ್ತದೆ. ಅಲ್ಲಿಂದ ಬಳ್ಳಾರಿಗೆ ಬನ್ನಿ. ಅದು ಮೈಸೂರಿಗೆ ಸೇರಿದ್ದು 1953ರ ಅಕ್ಟೋಬರ್ 1ರಂದು, ಮಿಕ್ಕವರಿಗಿಂತ ಮೂರು ವರ್ಷ ಮೊದಲೇ. ಏಕೆ? ಈ ‘ಏಕೆ’ ಆದ ಮೇಲೆ ಎರಡು ಸೆಕೆಂಡ್ ಸುಮ್ಮನಿರಿ, ಜನ ತಾವೇ ಯೋಚಿಸಲಿ. ಆಮೇಲೆ ಉತ್ತರ ಕೊಡಿ: ಅದೇ ದಿನ ತೆಲುಗು ಜಿಲ್ಲೆಗಳು ಮದ್ರಾಸಿನಿಂದ ಬೇರೆಯಾಗಿ ಆಂಧ್ರ ರಾಜ್ಯವಾದವು, ಬಳ್ಳಾರಿಯ ತಾಲ್ಲೂಕುಗಳು ಎತ್ತ ಎಂಬುದು ಆಗಲೇ ತೀರ್ಮಾನವಾಗಬೇಕಿತ್ತು.

ಒಂದು ಎಚ್ಚರ. 1956ರ ನವೆಂಬರ್ 1ರಂದು ಒಂದಾದದ್ದು ‘ಮೈಸೂರು ರಾಜ್ಯ’. ‘ಕರ್ನಾಟಕ’ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ವೇದಿಕೆಗಳ ಮೇಲೆ ಇವೆರಡೂ ಕಲಸಿಹೋಗುವುದೇ ಹೆಚ್ಚು. ಇಸವಿಗಳು ಒಟ್ಟು ಮೂರಕ್ಕಿಂತ ಹೆಚ್ಚು ಬೇಡ. ಓದುವವರು ಹಿಂದಿನ ಸಾಲಿಗೆ ಹೋಗಿ ನೋಡಬಹುದು, ಕೇಳುವವರಿಗೆ ಆ ಅನುಕೂಲವಿಲ್ಲ.

ಪೂರ್ತಿ ಬಾಯಿಪಾಠ ಮಾಡಿ ಹೋಗುತ್ತೇನೆ. ನಡುವೆ ಒಂದು ಪದ ತಪ್ಪಿದರೆ ಮುಂದಿನದೆಲ್ಲ ಮಾಯ. ಏನು ಮಾಡಲಿ?
– ಪದವಿ ವಿದ್ಯಾರ್ಥಿನಿ, ಪುತ್ತೂರು

ಬಾಯಿಪಾಠ ಸರಪಣಿಯ ಹಾಗೆ, ಒಂದು ಕೊಂಡಿ ಕಳಚಿದರೆ ಮುಂದಿನದು ಕೈಗೆ ಸಿಗುವುದಿಲ್ಲ. ನಿಮ್ಮೂರಿನ ತಾಳಮದ್ದಳೆಯನ್ನೇ ನೋಡಿ, ಕೂತಲ್ಲೇ ನಡೆಸುವ ಯಕ್ಷಗಾನ. ವೇಷವಿಲ್ಲ, ಕುಣಿತವಿಲ್ಲ, ಇರುವುದು ಹಾಡು, ಮಾತು ಮಾತ್ರ. ಭಾಗವತರು ಪದ್ಯ ಹೇಳುತ್ತಾರೆ, ಪಾತ್ರವಾಗಿ ಮಾತಾಡುವ ಅರ್ಥಧಾರಿ ಅದರ ಎಳೆ ಹಿಡಿದು ಅಲ್ಲೇ ಮಾತು ಕಟ್ಟುತ್ತಾರೆ. ಎದುರಿಗೆ ಕೂತ ಇನ್ನೊಬ್ಬ ಅರ್ಥಧಾರಿ ಏನು ಕೇಳುತ್ತಾರೋ ತಿಳಿಯದು, ಹಾಗಾಗಿ ಉರು ಹೊಡೆದು ಪ್ರಯೋಜನವಿಲ್ಲ. ಅವರ ತಲೆಯಲ್ಲಿರುವುದು ಪ್ರಸಂಗದ ನಡೆ, ಒಂದಾದ ಮೇಲೊಂದು ಬರುವ ಪದ್ಯ.

ನೀವೂ ಹಾಗೇ ಮಾಡಿ. ಭಾಷಣವನ್ನು ಒಮ್ಮೆ ಪೂರ್ತಿ ಬರೆಯಿರಿ. ಆಮೇಲೆ ಅದನ್ನು ಬದಿಗಿಟ್ಟು, ಪೋಸ್ಟ್‌ಕಾರ್ಡ್ ಅಳತೆಯ ದಪ್ಪ ರಟ್ಟಿನ ಮೇಲೆ 5 ಸುಳಿವು ಬರೆದುಕೊಳ್ಳಿ, ಒಂದೊಂದೂ ಎರಡು ಮೂರು ಪದ, ದೊಡ್ಡ ಅಕ್ಷರದಲ್ಲಿ. ಆ ಕಾರ್ಡ್ ಮಾತ್ರ ನೋಡುತ್ತ, ನಿಂತುಕೊಂಡು, ಗಟ್ಟಿಯಾಗಿ ಐದು ಸಲ ಹೇಳಿ. ಪ್ರತಿ ಸಲ ವಾಕ್ಯ ಬೇರೆಯಾಗುತ್ತದೆ, ಆಗಲಿ, ಅದೇ ಬೇಕಾದದ್ದು. ಮನಸ್ಸಿನಲ್ಲೇ ಓದಿಕೊಂಡದ್ದು ಅಭ್ಯಾಸವಲ್ಲ: ನಾಲಿಗೆ ಎಲ್ಲಿ ತೊಡರುತ್ತದೆ, ಉಸಿರು ಎಲ್ಲಿ ಸಾಲದಾಗುತ್ತದೆ ಎಂಬುದು ಬಾಯಿಬಿಟ್ಟು ಹೇಳಿದಾಗಲೇ ಗೊತ್ತಾಗುವುದು. ಅಕ್ಷರಶಃ ಕಲಿಯಬೇಕಾದ್ದು ಮೊದಲ ಎರಡು ವಾಕ್ಯ, ಕೊನೆಯ ಒಂದು ವಾಕ್ಯ. ಕೊನೆಯದು ಗೊತ್ತಿಲ್ಲದವರೇ ‘ಇನ್ನೊಂದು ಮಾತು ಹೇಳಿ ಮುಗಿಸುತ್ತೇನೆ’ ಎಂದು ಮೂರು ಸಲ ಹೇಳುವುದು.

ಆದರೂ ಮರೆತರೆ? ಹೇಳಿದ ಕೊನೆಯ ವಾಕ್ಯವನ್ನೇ ಇನ್ನಷ್ಟು ನಿಧಾನವಾಗಿ ಮತ್ತೊಮ್ಮೆ ಹೇಳಿ, ಕಾರ್ಡ್ ನೋಡಿ. ನಿಮಗೆ ಯುಗದಂತೆ ಕಾಣುವ ಆ ಮೂರು ಸೆಕೆಂಡ್ ಸಭೆಗೆ ಒತ್ತು ಕೊಟ್ಟಂತೆ ಕೇಳಿಸುತ್ತದೆ. ‘ಕ್ಷಮಿಸಿ, ಮರೆತುಹೋಯಿತು’ ಅಂದಿರೋ, ಆಗ ಮಾತ್ರ ಎಲ್ಲರಿಗೂ ಗೊತ್ತಾಗುತ್ತದೆ.

ಕೈ ನಡುಗಿ ಕಾಗದ ಪಟಪಟ ಅನ್ನುತ್ತದೆ, ದನಿಯೂ ಕಂಪಿಸುತ್ತದೆ.
– ಗ್ರಂಥಾಲಯ ಸಹಾಯಕರು, ಹಾವೇರಿ

ತೆಳು ಹಾಳೆ ಸಣ್ಣ ನಡುಕವನ್ನೂ ದೊಡ್ಡದು ಮಾಡಿ ತೋರಿಸುತ್ತದೆ. ಮೇಲೆ ಹೇಳಿದ ದಪ್ಪ ಕಾರ್ಡ್ ಅರ್ಧ ಮದ್ದು. ದನಿ ಕಂಪಿಸುವುದು ಉಸಿರು ಎದೆಯ ಮೇಲ್ಭಾಗದಲ್ಲೇ ಓಡಾಡುವಾಗ. ಹೆಸರು ಕರೆಯುವ ಮುಂಚೆ ನಾಲ್ಕು ಎಣಿಸುತ್ತ ಒಳಗೆಳೆದು, ಆರು ಎಣಿಸುತ್ತ ಹೊರಬಿಡಿ, ಐದಾರು ಸಲ. ಮೊಣಕಾಲು ಬಿಗಿ ಮಾಡಬೇಡಿ. ಐಸ್ ನೀರು ಬೇಡ, ಬಾಯಾರಿದರೆ ಸಾಧಾರಣ ನೀರು ಎರಡು ಗುಟುಕು.

ಮೈಕ್ ಹಿಡಿದ ಕೂಡಲೇ ಕುಂಯ್ ಎನ್ನುತ್ತದೆ. ಇಲ್ಲವೇ ‘ಪ’, ‘ಫ’ ಬಂದಾಗ ಡಬ್ ಎಂದು ಒಡೆಯುತ್ತದೆ.
– ಸಹಕಾರ ಸಂಘದ ಕಾರ್ಯದರ್ಶಿ, ಮಂಡ್ಯ

ಸೌಂಡ್ ಬಾಕ್ಸಿನಿಂದ ಬಂದ ಸದ್ದನ್ನು ಮೈಕ್ ಮತ್ತೆ ನುಂಗಿ, ಅದು ಮತ್ತೆ ದೊಡ್ಡದಾಗಿ ಬಾಕ್ಸಿನಿಂದ ಹೊರಟು, ಹೀಗೆ ಸುತ್ತು ಹೊಡೆಯುವುದೇ ಆ ಕೂಗು. ಬಾಕ್ಸುಗಳು ನಿಮಗಿಂತ ಮುಂದೆ, ಜನರ ಕಡೆ ಮುಖ ಮಾಡಿರಬೇಕು. ಮೈಕ್ ಹಿಡಿದು ಅವುಗಳ ಎದುರಿಗೆ ನಡೆಯಬೇಡಿ. ಜಾಲರಿಯ ತಲೆಯನ್ನು ಮುಷ್ಟಿಯಲ್ಲಿ ಮುಚ್ಚಿದರೆ ಕೂಗು ಇನ್ನೂ ಬೇಗ ಹತ್ತಿಕೊಳ್ಳುತ್ತದೆ, ಹಿಡಿಕೆಯ ನಡುವೆ ಹಿಡಿಯಿರಿ. ತುಟಿಯಿಂದ ನಾಲ್ಕು ಬೆರಳಗಲ ದೂರ, ಗಲ್ಲದ ಮಟ್ಟಕ್ಕೆ, ಸ್ವಲ್ಪ ಓರೆಯಾಗಿ ಇದ್ದರೆ ‘ಪ’ಕಾರದ ಗಾಳಿ ಜಾಲರಿಗೆ ನೇರ ಬಡಿಯದೆ ಮೇಲೆ ಹಾದುಹೋಗುತ್ತದೆ. ಮುಖ ತಿರುಗಿಸಿದಾಗ ಮೈಕೂ ಜೊತೆಗೆ ತಿರುಗಲಿ. ಉಫ್ ಎಂದು ಊದಿ, ಬೆರಳಲ್ಲಿ ಟಕಟಕ ಬಡಿದು ಪರೀಕ್ಷಿಸುವ ಚಾಳಿ ಬಿಟ್ಟುಬಿಡಿ. ‘ಹಿಂದೆ ಕೇಳಿಸ್ತಿದೆಯಾ?’ ಎಂದು ಬಾಯಲ್ಲೇ ಕೇಳಬಹುದಲ್ಲ.

‘ಹ’ಕಾರ ಬಿಟ್ಟುಹೋಗುತ್ತದೆ ಎಂದು ಸಹೋದ್ಯೋಗಿಗಳು ನಗುತ್ತಾರೆ.
– ಶಿಕ್ಷಕರು, ರಾಮನಗರ

ಆಡುಮಾತು ತಪ್ಪಲ್ಲ, ಮನೆಯಲ್ಲಿ ಹಾಗೇ ಇರಲಿ. ವೇದಿಕೆಗೆ ಬೇಕೆಂದರೆ ಅಂಗೈಯನ್ನು ಬಾಯಿಯ ಮುಂದೆ ಹಿಡಿದು ಅಕ್ಕಿ–ಹಕ್ಕಿ, ಆಡು–ಹಾಡು, ಅರಸು–ಹರಸು ಜೋಡಿಗಳನ್ನು ಹೇಳಿ. ‘ಹ’ಕ್ಕೆ ಬಿಸಿಯುಸಿರು ಕೈಗೆ ತಾಗಬೇಕು. ದಿನಕ್ಕೆ 5 ನಿಮಿಷ ಸಾಕು. ‘ಶ’, ‘ಸ’ ಕಲಸಿಹೋಗುವವರಿಗೆ ಶಂಕರ–ಸಂಕರ ಒಳ್ಳೆಯ ಜೋಡಿ, ಅರ್ಥವೇ ಬೇರೆ. ಆದರೆ ಭಾಷಣದ ನಡುವೆ ತಿದ್ದಿಕೊಳ್ಳಲು ಹೋಗಬೇಡಿ. ಹೆದರಿಕೆಯಲ್ಲಿ ಇಲ್ಲದ ಕಡೆ ‘ಹ’ ಬಂದು ‘ಹಧ್ಯಕ್ಷರೇ’ ಆಗುವುದೇ ಆಗ.

ಪ್ರತಿ ಸಲ ವಂದನಾರ್ಪಣೆ ನನ್ನ ತಲೆಗೇ ಕಟ್ಟುತ್ತಾರೆ. ಜನ ಆಗಲೇ ಎದ್ದಿರುತ್ತಾರೆ.
– ಮಹಿಳಾ ಮಂಡಳಿ ಸದಸ್ಯೆ, ಶಿರಸಿ

ಒಂದೂವರೆ ನಿಮಿಷದಲ್ಲಿ ಮುಗಿಸಿ. ಅತಿಥಿಗಳ ಹೆಸರು, ಇನಿಷಿಯಲ್ ಸಹಿತ, ಹಿಂದಿನ ದಿನವೇ ಕೇಳಿ ಬರೆದಿಟ್ಟುಕೊಳ್ಳಿ. ಅತಿಥಿ, ಅಧ್ಯಕ್ಷರು ಇಬ್ಬರಿಗೂ ಅವರು ಆ ದಿನ ಹೇಳಿದ ಒಂದೊಂದು ಮಾತು ನೆನೆದು ವಂದಿಸಿ. ಅದಕ್ಕಾಗಿ ಕಾರ್ಯಕ್ರಮ ನಡೆಯುವಾಗಲೇ ಗುರುತು ಹಾಕಿಕೊಳ್ಳಬೇಕು. ಉಳಿದವರನ್ನು ಕೆಲಸದಿಂದ ಹೆಸರಿಸಿ: ಚಪ್ಪರ ಹಾಕಿದವರು, ಮೈಕಿನವರು, ಅಡುಗೆಯವರು. ‘ವಂದನೆಗಳನ್ನು ಅರ್ಪಿಸುತ್ತೇನೆ’ ಎಂಬುದು ಹತ್ತು ಸಲ ಬೇಡ, ಕೊನೆಗೊಮ್ಮೆ ಬರಲಿ. ಊಟದ ಪ್ರಕಟಣೆ ಅದಾದ ಮೇಲೆ.