ನಿಂಬೆ ಎಲ್ಲಿ, ಸೋಡ ಎಲ್ಲಿ?

ಪ್ರಶ್ನೆ: ನಮ್ಮದು ಬೋರ್ ನೀರು. ಬಚ್ಚಲಿನ ನಲ್ಲಿ, ಟೈಲ್ಸ್, ಬಕೆಟ್ ಎಲ್ಲದಕ್ಕೂ ಸುಣ್ಣ ಬಳಿದಂತೆ ಬಿಳಿ ಕಟ್ಟಿದೆ. ಅಂಗಡಿ ಆಸಿಡ್ ವಾಸನೆಗೆ ಅತ್ತೆಯವರಿಗೆ ಉಬ್ಬಸ ಬರುತ್ತದೆ. ನಿಂಬೆರಸಕ್ಕೆ ಅಡಿಗೆ ಸೋಡ ಬೆರೆಸಿ ಉಜ್ಜಿದೆ. ನೊರೆ ಬಂತೇ ಹೊರತು ಕಲೆ ಹೋಗಲಿಲ್ಲ.
– ಗೃಹಿಣಿ, ನಿಟ್ಟುವಳ್ಳಿ, ದಾವಣಗೆರೆ

ಉತ್ತರ: ಆ ನೊರೆಯೇ ನಿಮಗೆ ಮೋಸ ಮಾಡಿದ್ದು. ನಿಂಬೆಯ ಹುಳಿಯೂ ಸೋಡದ ಕ್ಷಾರವೂ ಒಂದನ್ನೊಂದು ತಿಂದುಹಾಕಿ, ಕೊನೆಗೆ ಉಳಿಯುವುದು ಸಪ್ಪೆ ಉಪ್ಪುನೀರು. ಕಲೆಯ ಪಾಲಿಗೆ ಏನೂ ಉಳಿಯುವುದಿಲ್ಲ. ಗಡಸು ನೀರು ಆರಿದಾಗ ಅಂಟುವ ಬಿಳಿ ಪದರ ಬಹುಪಾಲು ಸುಣ್ಣವೇ, ಅದನ್ನು ಕರಗಿಸಲು ಬೇಕಾದದ್ದು ಬರೀ ಹುಳಿ.

ನಿಂಬೆಹಣ್ಣು ಮಾತ್ರ ದುಬಾರಿ ದಾರಿ. ಒಂದು ಹಣ್ಣಿನ ರಸದಲ್ಲಿ ಇರುವ ಸಿಟ್ರಿಕ್ ಆಮ್ಲ ಹೆಚ್ಚೆಂದರೆ 2 ಗ್ರಾಂ. ಕಿರಾಣಿ ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಕೇಳಿ, ಹರಳು ಸಕ್ಕರೆಯಂತಿರುತ್ತದೆ. ಅದರ 50 ಗ್ರಾಂ ಎಂದರೆ ಇಪ್ಪತ್ತೈದು ಹಣ್ಣಿಗೆ ಸಮ. 1 ಲೀಟರ್ ಬೆಚ್ಚನೆಯ ನೀರಿಗೆ 50 ಗ್ರಾಂ ಹಾಕಿ ಕರಗಿಸಿ. ಹಳೆಯ ಬಟ್ಟೆ ಅದ್ದಿ ನಲ್ಲಿಗೆ ಸುತ್ತಿ 15 ನಿಮಿಷ ಬಿಡಿ, ತೆಂಗಿನ ನಾರಿನಿಂದ ಉಜ್ಜಿ ತೊಳೆಯಿರಿ. ದಪ್ಪ ಕಟ್ಟಿದ್ದರೆ ಮತ್ತೊಮ್ಮೆ ಸುತ್ತಿ. ರಾತ್ರಿಯಿಡೀ ಬಿಟ್ಟರೆ ನಲ್ಲಿಯ ಹೊಳಪಿನ ಲೇಪವೇ ಏಳಬಹುದು. ಟೈಲ್ಸ್ ಸಂದಿನ ಸಿಮೆಂಟಿನಲ್ಲೂ ಸುಣ್ಣವಿದೆ, ಹುಳಿ ಅದನ್ನೂ ಕೊರೆಯುತ್ತದೆ. ಮೊದಲು ಗೋಡೆಗೆ ಬರೀ ನೀರು ಹೊಯ್ದು ಸಂದು ನೆನೆಸಿ, ಆಮೇಲೆ ಹುಳಿನೀರು ಹಚ್ಚಿ, 5 ನಿಮಿಷಕ್ಕೆ ತೊಳೆದುಬಿಡಿ.

ನೀರು ಕಾಯಿಸುವ ಕಾಯಿಲ್ ರಾಡ್‌ಗೂ ಇದೇ ದ್ರಾವಣ. ಪ್ಲಗ್ ಕಿತ್ತು, ಪೂರ್ತಿ ಆರಿದ ಮೇಲೆ ಪ್ಲಾಸ್ಟಿಕ್ ಪಾತ್ರೆಯಲ್ಲಿ ಸುರುಳಿಯಷ್ಟೇ ಮುಳುಗುವಂತೆ ಅರ್ಧ ಗಂಟೆ ಇಡಿ. ಗುಳ್ಳೆ ಏಳುವುದು ನಿಂತರೆ ಒಂದೋ ಸುಣ್ಣ ಮುಗಿದಿದೆ, ಇಲ್ಲವೇ ಹುಳಿ ಮುಗಿದಿದೆ. ಅಲ್ಯೂಮಿನಿಯಂ ಪಾತ್ರೆ ಮಾತ್ರ ಬೇಡ.

ಸ್ನಾನ ಮುಗಿದ ಮೇಲೆ ನಲ್ಲಿ, ಗೋಡೆ ಒಣಬಟ್ಟೆಯಲ್ಲಿ ಒರೆಸುವ ರೂಢಿ ಇದ್ದರೆ ಇದೆಲ್ಲ ತಿಂಗಳಿಗೊಮ್ಮೆ ಸಾಕು. ಸುಣ್ಣ ಅಂಟುವುದು ನೀರು ಆರುವಾಗಲೇ.

ಪ್ರಶ್ನೆ: ನೆಲಕ್ಕೆ ವಿನೆಗರ್ ನೀರು ಒಳ್ಳೆಯದೆಂದು ಕೇಳಿ ಕಡಪ ಕಲ್ಲಿಗೆ ಹಾಕಿದೆವು. ಅಲ್ಲಲ್ಲಿ ಬೂದುಬಣ್ಣದ ಮಚ್ಚೆ ಎದ್ದಿದೆ. ಎಷ್ಟು ಉಜ್ಜಿದರೂ ಹೋಗುತ್ತಿಲ್ಲ.
– ಓದುಗರು, ಹೊಳಲ್ಕೆರೆ

ಉತ್ತರ: ಅದು ಕಲೆಯಲ್ಲ, ಗಾಯ. ಕಡಪ, ಶಹಾಬಾದ್ ಎರಡೂ ಸುಣ್ಣಕಲ್ಲುಗಳೇ. ಮೇಲಿನ ಉತ್ತರದಲ್ಲಿ ನಲ್ಲಿಯ ಬಿಳಿ ಪದರಕ್ಕೆ ಆದದ್ದೇ ನಿಮ್ಮ ನೆಲಕ್ಕೂ ಆಯಿತು. ಅಮೃತಶಿಲೆಗೂ ಮೊಸಾಯಿಕ್‌ಗೂ ಹುಳಿ ಮುಟ್ಟಿಸಬಾರದು, ಕೆಂಪು ರೆಡ್ ಆಕ್ಸೈಡ್ ನೆಲವೂ ಸಿಮೆಂಟೇ. ಹೋದ ಹೊಳಪು ಬರುವುದು ಪಾಲಿಶ್ ಯಂತ್ರದಿಂದ ಮಾತ್ರ. ಎಣ್ಣೆ ಒರೆಸಿದರೆ ಎರಡು ದಿನ ಕಪ್ಪಗೆ ಕಾಣುತ್ತದೆ, ಮೂರನೆಯ ದಿನ ಧೂಳು ಕೂರುತ್ತದೆ, ಯಾರಾದರೂ ಜಾರುತ್ತಾರೆ.

ಇಂಥ ನೆಲಕ್ಕೆ ಅಂಟುವಾಳ ಒಳ್ಳೆಯದು. 10–12 ಕಾಯಿಯ ಬೀಜ ತೆಗೆದು ಸಿಪ್ಪೆಯನ್ನು 1 ಲೀಟರ್ ನೀರಿನಲ್ಲಿ ರಾತ್ರಿ ನೆನೆಹಾಕಿ. ಬೆಳಿಗ್ಗೆ ಸಣ್ಣ ಉರಿಯಲ್ಲಿ 15 ನಿಮಿಷ ಕುದಿಸಿ, ಆರಿದ ಮೇಲೆ ಕಿವುಚಿ ಸೋಸಿ. ಅರ್ಧ ಬಕೆಟ್ ನೀರಿಗೆ ಅರ್ಧ ಲೋಟ. ಜಾಸ್ತಿ ಹಾಕಿದರೆ ನೆಲ ಅಂಟಂಟು. ಗಡಸು ನೀರಿನಲ್ಲಿ ಸೋಪು ಒಡೆದು ಜಿಗಟು ಗಸಿಯಾಗುತ್ತದೆ, ಅಂಟುವಾಳಕ್ಕೆ ಆ ತೊಂದರೆ ಇಲ್ಲ. ಹೊರಗಿಟ್ಟರೆ ಎರಡು ಮೂರು ದಿನಕ್ಕೆ ಹುಳಿತು ನಾರುತ್ತದೆ. ಐಸ್ ಟ್ರೇಯಲ್ಲಿ ಗಟ್ಟಿ ಮಾಡಿಟ್ಟುಕೊಂಡರೆ ಬೇಕಾದಾಗ ಎರಡೆರಡು ಗಡ್ಡೆ. ಕಣ್ಣಿಗೆ ಹಾರಿದರೆ ಚೆನ್ನಾಗಿ ಉರಿಯುತ್ತದೆ, ಸೋಸುವಾಗ ಜೋಪಾನ.

ಪ್ರಶ್ನೆ: ವಾರಕ್ಕೆರಡು ಸಲ ಮನೆಯಲ್ಲಿ ಬೆಣ್ಣೆ ದೋಸೆ. ಒಲೆ ಹಿಂದಿನ ಟೈಲ್ಸಿನ ಮೇಲೆ ಜಿಡ್ಡು ಹಳದಿಗಟ್ಟಿದೆ. ಅಡಿಗೆ ಸೋಡಕ್ಕೆ ಬಗ್ಗುತ್ತಿಲ್ಲ.
– ಓದುಗರು, ವಿದ್ಯಾನಗರ, ದಾವಣಗೆರೆ

ಉತ್ತರ: ದಾವಣಗೆರೆಯಲ್ಲಿದ್ದು ಬೆಣ್ಣೆ ಕಡಿಮೆ ಮಾಡಿ ಎಂದರೆ ನೀವು ಕೇಳಬೇಕಲ್ಲ! ಅಡಿಗೆ ಸೋಡ ಬಹಳ ಸೌಮ್ಯ. ಜಿಡ್ಡಿಗೆ ಬಟ್ಟೆ ಸೋಡ ಬೇಕು, ವಾಷಿಂಗ್ ಸೋಡ ಎಂದರೂ ಕೊಡುತ್ತಾರೆ. ಕೈಗೆ ಗವಸು ಹಾಕಿಕೊಂಡು, 1 ಲೀಟರ್ ಬಿಸಿನೀರಿಗೆ 2 ದೊಡ್ಡ ಚಮಚ. ಬಟ್ಟೆ ಅದ್ದಿ ಗೋಡೆಗೆ ಒತ್ತಿ 10 ನಿಮಿಷ ಬಿಟ್ಟು ಒರೆಸಿ, ಆಮೇಲೆ ಬರೀ ನೀರಿನಲ್ಲಿ ಎರಡು ಸಲ ಒರೆಸಿ. ಬೋರ್ ನೀರಿನಲ್ಲಿ ಕದಡಿದರೆ ಹಾಲಿನಂತಾಗಿ ಬಿಳಿ ಪುಡಿ ಇಳಿಯುತ್ತದೆ, ನೀರಿನ ಸುಣ್ಣವೇ ಅದು. ಕುಂದವಾಡ ಕೆರೆಯ ನಲ್ಲಿ ನೀರು ಬಂದ ದಿನ ಈ ಕೆಲಸ ಇಟ್ಟುಕೊಳ್ಳಿ. ಅಲ್ಯೂಮಿನಿಯಂ ಪಾತ್ರೆ, ಬಣ್ಣದ ಗೋಡೆ, ಮರದ ಕಪಾಟಿಗೆ ಬೇಡ. ದೋಸೆ ಕಾವಲಿಗಂತೂ ಬೇಡವೇ ಬೇಡ. ಪಳಗಿದ ಎಣ್ಣೆಪದರ ಎದ್ದುಹೋಗಿ ಮಾರನೆಯ ದಿನ ಮೊದಲ ದೋಸೆಯೇ ಹಿಡಿದುಕೊಳ್ಳುತ್ತದೆ.

ಸೌದೆ ಒಲೆ ಇರುವವರಿಗೆ ಜರಡಿ ಹಿಡಿದ ಬೂದಿಯೇ ಸಾಕು. ಅದರದ್ದೂ ಕ್ಷಾರವೇ.

ಪ್ರಶ್ನೆ: ಫಿನಾಯಿಲ್ ಬಿಟ್ಟು ಬೇವಿನ ಸೊಪ್ಪು ಕುದಿಸಿದ ನೀರು ಬಳಸಿದರೆ ರೋಗಾಣು ಸಾಯುತ್ತವೆಯೇ?
– ಓದುಗರು, ಚಿತ್ರದುರ್ಗ

ಉತ್ತರ: ನಂಬಿ ಕೂರುವ ಹಾಗಿಲ್ಲ. ದಿನದ ಧೂಳು, ಜಿಡ್ಡಿಗೆ ಅಂಟುವಾಳದ ನೀರೇ ಸಾಕು. ಮನೆಯಲ್ಲಿ ಯಾರಿಗಾದರೂ ವಾಂತಿ-ಭೇದಿ ಆದಾಗ ಮಾತ್ರ ಸಂಕೋಚವಿಲ್ಲದೆ ಬ್ಲೀಚಿಂಗ್ ಪೌಡರ್ ತನ್ನಿ. ಮೊದಲು ಹೊಲಸು ಬಳಿದು ತೆಗೆದು, 1 ಲೀಟರ್ ತಣ್ಣೀರಿಗೆ ಹೊಸ ಪುಡಿ 15 ಗ್ರಾಂ ಕದಡಿ ಹಾಕಿ, 10 ನಿಮಿಷ ಬಿಟ್ಟು ತೊಳೆಯಿರಿ. ನಿಂಬೆ ಉಪ್ಪು, ವಿನೆಗರ್, ಆಸಿಡ್ ಹಾಕಿದ ಜಾಗಕ್ಕೆ ಅದೇ ದಿನ ಇದನ್ನು ಸುರಿಯಬೇಡಿ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಸಣ್ಣ ಬಚ್ಚಲಲ್ಲಿ ಉಸಿರು ಕಟ್ಟಲು ಅಷ್ಟು ಸಾಕು.