ಏರಿನ ಲೆಕ್ಕ ಹಾಕದೆ ಹೊರಡಬೇಡಿ

ಪ್ರಶ್ನೆ: ಸಮತಟ್ಟಾದ ರಸ್ತೆಯಲ್ಲಿ ಒಂದೇ ಸವಾರಿಗೆ 40 ಕಿ.ಮೀ.ವರೆಗೆ ಸೈಕಲ್ ತುಳಿಯುವ ಅಭ್ಯಾಸ ನನಗಿದೆ. ಈಗ ಒಂದೇ ದಿನದಲ್ಲಿ ಒಂದು ಜಲಾಶಯವನ್ನೂ ಅದರಾಚೆಯ ಬೆಟ್ಟದಲ್ಲಿರುವ ಜಲಪಾತವನ್ನೂ ನೋಡಿ ಬರುವ ಆಸೆಯಾಗಿದೆ. ಜಲಾಶಯಕ್ಕೆ 32 ಕಿ.ಮೀ.; ಅಲ್ಲಿಂದ ಜಲಪಾತಕ್ಕೆ 11 ಕಿ.ಮೀ. ದೂರ, 400 ಮೀಟರ್ ಏರು. ಇದು ನನ್ನಿಂದ ಸಾಧ್ಯವೇ? ಯಾವುದನ್ನು ಮೊದಲು ನೋಡಬೇಕು?

ಉತ್ತರ: ಸಾಧ್ಯವಿದೆ. ಹೋಗಿಬರುವ ದೂರ 86 ಕಿ.ಮೀ. ಆಗುತ್ತದೆಂಬುದು ನಿಮ್ಮನ್ನು ಕಾಡುತ್ತಿರಬಹುದು. ಆದರೆ ದಿನದ ಹಣೆಬರಹ ನಿರ್ಧಾರವಾಗುವುದು ಕೊನೆಯ 11 ಕಿ.ಮೀ.ಗಳಲ್ಲಿ. 11 ಕಿ.ಮೀ.ಗೆ 400 ಮೀಟರ್ ಎಂದರೆ ಸರಾಸರಿ ಶೇ. 3.6ರಷ್ಟು ಏರು, ಕೇಳುವುದಕ್ಕೆ ಹಗುರವೇ. ಆದರೆ ಸರಾಸರಿಯನ್ನು ನಂಬುವಂತಿಲ್ಲ. ಜಲಾಶಯದ ಅಂಚಿನ ರಸ್ತೆ ಸಾಮಾನ್ಯವಾಗಿ ನೀರಿನ ಮಟ್ಟವನ್ನೇ ಅನುಸರಿಸುತ್ತಾ, ಪಕ್ಕದ ಹಳ್ಳಗಳು ಎದುರಾದಲ್ಲಿ ಸ್ವಲ್ಪ ಇಳಿದು ಮತ್ತೆ ಏರುತ್ತಾ ಸಾಗುತ್ತದೆ. ನಿಜವಾದ ಏರು ಒಂದೆರಡು ಕಡೆ ಒಟ್ಟುಗೂಡಿರುತ್ತದೆ. ಉದಾಹರಣೆಗೆ, 3 ಕಿ.ಮೀ. ಮಾತ್ರ ಶೇ. 8ರಷ್ಟು ಕಡಿದಾಗಿದ್ದರೆ ಅಲ್ಲಿಯೇ 240 ಮೀಟರ್ ಮುಗಿದು, ಉಳಿದ 8 ಕಿ.ಮೀ. ಬರಿಯ ಶೇ. 2ರಷ್ಟಿರುತ್ತದೆ. ಆದ್ದರಿಂದ ಹೊರಡುವ ಮೊದಲು ನಕ್ಷೆಯಲ್ಲಿ ರಸ್ತೆಯ ಎತ್ತರದ ರೇಖೆಯನ್ನು ತೆರೆದು, ಅದು ಎಲ್ಲಿ ನೆಟ್ಟಗಾಗುತ್ತದೆ ಎಂಬುದನ್ನು ಗುರುತು ಮಾಡಿಕೊಳ್ಳಿ.

ಅಂಥ ಏರಿನಲ್ಲಿ ನಿಮ್ಮ ವೇಗ ಗಂಟೆಗೆ 8 ಕಿ.ಮೀ.ಗೆ ಇಳಿಯಬಹುದು, ಅದರಲ್ಲಿ ಅವಮಾನವೇನೂ ಇಲ್ಲ. ಸವಾರ ಮತ್ತು ಸೈಕಲ್‌ನ ಒಟ್ಟು ತೂಕ 85 ಕಿಲೋ ಎಂದಿಟ್ಟುಕೊಂಡರೆ ಆ ವೇಗಕ್ಕೂ ಸುಮಾರು 160 ವ್ಯಾಟ್ ಶಕ್ತಿ ಬೇಕು, ಅದನ್ನು ಇಪ್ಪತ್ತೆರಡು ನಿಮಿಷಗಳಿಗೂ ಹೆಚ್ಚು ಕಾಲ ಬಿಡದೆ ಕೊಡಬೇಕು. ಇಲ್ಲಿ ಕಾಲಿನ ಬಲಕ್ಕಿಂತ ಗೇರ್ ಮುಖ್ಯವಾಗುತ್ತದೆ. ಮುಂದಿನ ಹಲ್ಲುಚಕ್ರದಲ್ಲಿ 34, ಹಿಂದಿನದರಲ್ಲಿ 32 ಹಲ್ಲುಗಳಿದ್ದರೆ ಇದೇ ವೇಗದಲ್ಲಿ ಪೆಡಲ್ ನಿಮಿಷಕ್ಕೆ ಸುಮಾರು 60 ಸುತ್ತು ತಿರುಗುತ್ತದೆ. ಹಿಂದೆ 25 ಹಲ್ಲುಗಳಷ್ಟೇ ಇದ್ದರೆ 47ಕ್ಕೆ ಇಳಿದು, ಭಾರವೆಲ್ಲ ಮೊಣಕಾಲಿನ ಮೇಲೆ ಬೀಳುತ್ತದೆ. ನಿಮ್ಮ ಸೈಕಲ್‌ನಲ್ಲಿ ಎಷ್ಟು ಹಲ್ಲುಗಳಿವೆ ಎಂದು ನೀವು ಬರೆದಿಲ್ಲ, ಎಣಿಸಿ ನೋಡಿ. ದುಬಾರಿ ಹಗುರ ಸೈಕಲ್‌ಗಿಂತ ಹಿಂದಿನ ದೊಡ್ಡ ಹಲ್ಲುಚಕ್ರವೇ ನಿಮ್ಮಂಥವರಿಗೆ ಹೆಚ್ಚು ನೆರವಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಇನ್ನು ಯಾವುದು ಮೊದಲು ಎಂಬ ಪ್ರಶ್ನೆ. ಜಲಾಶಯ ದಾರಿಯಲ್ಲೇ ಸಿಗುವುದರಿಂದ ಅಲ್ಲಿ ಕಾಲೂರಿ ನಿಲ್ಲುವ ಆಸೆ ಸಹಜ. ಬೆಳಿಗ್ಗೆ ಮಾತ್ರ ಆ ಆಸೆಯನ್ನು ಅದುಮಿಟ್ಟು, ಬಾಟಲಿ ತುಂಬಿಕೊಂಡು ಮುಂದೆ ಸಾಗಿ. ಬಿಸಿಲೇರುವ ಮೊದಲು, ಕಾಲು ದಣಿಯುವ ಮೊದಲು ಏರು ಮುಗಿದಿರಬೇಕು. ವಿಶ್ರಾಂತಿಯನ್ನು ಇಳಿದು ಬಂದ ಮೇಲೆ ಜಲಾಶಯದ ದಡದಲ್ಲಿ ಪಡೆಯಿರಿ. ಇದರಲ್ಲಿ ಒಂದು ತೊಡಕುಂಟು. ಹಗಲಿನಲ್ಲಿ ನೆಲ ನೀರಿಗಿಂತ ಬೇಗ ಕಾಯುವುದರಿಂದ ಮಧ್ಯಾಹ್ನದ ಹೊತ್ತಿಗೆ ನೀರಿನ ಕಡೆಯಿಂದ ದಡಕ್ಕೆ ಗಾಳಿ ಬೀಸತೊಡಗುತ್ತದೆ, ಅದನ್ನು ತಡೆಯಲು ಬಯಲಿನಲ್ಲಿ ಮರಗಳೂ ಇರುವುದಿಲ್ಲ. ಗಂಟೆಗೆ 20 ಕಿ.ಮೀ. ವೇಗದ ಸವಾರನಿಗೆ 15 ಕಿ.ಮೀ. ವೇಗದ ಎದುರುಗಾಳಿ ಸಿಕ್ಕರೆ ಗಾಳಿಯ ತಡೆ ಮೂರು ಪಟ್ಟಾಗುತ್ತದೆ. ಹಾಗಿದ್ದರೂ ಬಿಸಿಲಿನಲ್ಲಿ ಏರುವುದಕ್ಕಿಂತ ಗಾಳಿಗೆ ಎದುರಾಗಿ ನಿಧಾನವಾಗಿ ತುಳಿಯುವುದೇ ಮೇಲು.

ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ನೀರು, 30ರಿಂದ 60 ಗ್ರಾಂ ಶರ್ಕರಪಿಷ್ಟ ಬೇಕಾಗುತ್ತದೆ. ಹಸಿವಾಗುವವರೆಗೆ ಕಾಯದೆ, ಏರು ಆರಂಭವಾಗುವ ಮೊದಲೇ ತಿನ್ನಿ.

ಪ್ರಶ್ನೆ: ಜಲಪಾತದಿಂದ ಇಳಿಯುವಾಗ ಉದ್ದಕ್ಕೂ ಬ್ರೇಕ್ ಹಿಡಿದೇ ಬರುವುದು ಸುರಕ್ಷಿತವಲ್ಲವೇ?

ಉತ್ತರ: ಅಲ್ಲ. 85 ಕಿಲೋ ತೂಕ 240 ಮೀಟರ್ ಕೆಳಗಿಳಿದಾಗ ಬಿಡುಗಡೆಯಾಗುವ ಶಕ್ತಿ ಸುಮಾರು 200 ಕಿಲೋಜೂಲ್, ಅಂದರೆ ಅರ್ಧ ಲೀಟರ್‌ಗೂ ಹೆಚ್ಚು ತಣ್ಣೀರನ್ನು ಕುದಿಯುವ ಹಂತಕ್ಕೆ ತರುವಷ್ಟು. ವೇಗವಾಗಿ ಇಳಿದರೆ ಅದರ ಬಹುಪಾಲನ್ನು ಗಾಳಿಯೇ ನುಂಗುತ್ತದೆ. ಬ್ರೇಕ್ ಹಿಡಿದೇ ಇಳಿದರೆ ಆ ಶಾಖದ ಬಹುಪಾಲು ರಿಮ್ ಅಥವಾ ಡಿಸ್ಕ್‌ಗೆ ಹೋಗುತ್ತದೆ, ರಿಮ್ ಬ್ರೇಕ್ ಇರುವಲ್ಲಿ ಟ್ಯೂಬ್ ಸಿಡಿಯುವ ಅಪಾಯವೂ ಉಂಟು. ತಿರುವಿಗೆ ಮೊದಲೇ ಎರಡೂ ಬ್ರೇಕ್‌ಗಳನ್ನು ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ತಿರುವಿನಲ್ಲಿ ಸಡಿಲಿಸಿ, ನೇರ ರಸ್ತೆಯಲ್ಲಿ ಅವು ತಣಿಯಲು ಬಿಡಿ. ಜಲಪಾತದ ಹತ್ತಿರ ತುಂತುರಿನಿಂದ ರಸ್ತೆ ಮಳೆಯಿಲ್ಲದಾಗಲೂ ಒದ್ದೆಯಾಗಿ, ಪಾಚಿ ಹಿಡಿದಿರಬಹುದು. ಒದ್ದೆ ರಿಮ್ ತಡವಾಗಿ ಹಿಡಿತಕ್ಕೆ ಬರುವುದರಿಂದ ಅಲ್ಲಿ ಇನ್ನೂ ಮುಂಚಿತವಾಗಿ ಬ್ರೇಕ್ ಒತ್ತಬೇಕು.

ಪ್ರಶ್ನೆ: ಇಷ್ಟೆಲ್ಲ ತುಳಿದು ಹೋದ ಮೇಲೆ ಜಲಪಾತದಲ್ಲಿ ನೀರೇ ಇಲ್ಲದಿದ್ದರೆ?

ಉತ್ತರ: ಜಲಪಾತ ಅಣೆಕಟ್ಟಿನ ಮೇಲಿದೆಯೋ ಕೆಳಗಿದೆಯೋ ಎಂಬುದನ್ನು ಮೊದಲು ನೋಡಿ. ಜಲಾಶಯಕ್ಕೆ ನೀರು ತರುವ ಹೊಳೆಯಲ್ಲಿದ್ದರೆ ಅದು ಮಳೆಯನ್ನು ಅವಲಂಬಿಸಿರುತ್ತದೆ. ಸಣ್ಣ ಹೊಳೆಯಾದರೆ ಮಳೆ ನಿಂತ ಕೆಲವೇ ದಿನಗಳಲ್ಲಿ ಸೊರಗುತ್ತದೆ. ಅಣೆಕಟ್ಟಿನ ಕೆಳಗಿದ್ದರೆ ನೀರನ್ನು ವಿದ್ಯುತ್ ಉತ್ಪಾದನೆಗೆ ಎಷ್ಟು ತಿರುಗಿಸುತ್ತಾರೆ ಎಂಬುದೇ ನಿರ್ಣಾಯಕ. ನಯಾಗರದಂಥ ಜಲಪಾತಕ್ಕೂ ಇದು ತಪ್ಪಿದ್ದಲ್ಲ: ಅಮೆರಿಕ ಮತ್ತು ಕೆನಡಾ 1950ರಲ್ಲಿ ಮಾಡಿಕೊಂಡ ಒಪ್ಪಂದದಂತೆ ಪ್ರವಾಸಿ ಋತುವಿನ ಹಗಲಿನಲ್ಲಿ ಸೆಕೆಂಡಿಗೆ ಕನಿಷ್ಠ 1 ಲಕ್ಷ ಘನ ಅಡಿ, ಉಳಿದ ಹೊತ್ತಿನಲ್ಲಿ ಕನಿಷ್ಠ 50 ಸಾವಿರ ಘನ ಅಡಿ ನೀರು ಅಲ್ಲಿ ಧುಮುಕಬೇಕು. ಅಣೆಕಟ್ಟಿನ ಕೆಳಗಿನ ಜಲಪಾತ ಒಣಗಿದ್ದಾಗಲೂ ನದೀಪಾತ್ರದ ಬಂಡೆಗಳ ಮೇಲೆ ಕುಳಿತು ವಿರಮಿಸಬೇಡಿ. ಆಕಾಶ ಶುಭ್ರವಾಗಿರುವಾಗಲೇ ಗೇಟು ತೆರೆದು ನಿಮಿಷಗಳಲ್ಲಿ ನೀರೇರಬಹುದು, ಸೈರನ್ ಕೇಳಿಸಿದರೆ ಸೈಕಲ್ ಇದ್ದಲ್ಲಿಯೇ ಬಿಟ್ಟು ದಡ ಹತ್ತಿ.