ಸಂಪಾದಕರ ಉತ್ತರ: ಮರಳಿ ಬಾರದ ಮಗುವಿನ ಲೆಕ್ಕ

ಉಡುಪಿಯ ಓದುಗರೊಬ್ಬರು ಬರೆದಿದ್ದಾರೆ: 'ಮಕ್ಕಳ ಕ್ಯಾನ್ಸರ್ ಶೇ. 80ರಷ್ಟು ಗುಣವಾಗುತ್ತದೆಂದು ಕಳೆದ ಸಂಚಿಕೆಯಲ್ಲಿ ಓದಿದೆ. ನಮ್ಮ ನೆರೆಮನೆಯ ಮಗುವಿನ ರಕ್ತ ಕ್ಯಾನ್ಸರಿನ ಚಿಕಿತ್ಸೆ ಅರ್ಧಕ್ಕೇ ನಿಂತಿದೆ. ನಿಮ್ಮ ಲೆಕ್ಕದಲ್ಲಿ ಆ ಮಗು ಎಲ್ಲಿದೆ?'

ಆ ಮಗು ನಮ್ಮ ಲೆಕ್ಕದಲ್ಲಿ ಇರಲಿಲ್ಲ. ಶೇ. 80 ಎಂಬುದು ಶ್ರೀಮಂತ ದೇಶಗಳ ಅಂಕಿ. ವಿವರಣೆಯಿಲ್ಲದೆ ಅದನ್ನು ಅಚ್ಚು ಹಾಕಿದ್ದು ನಮ್ಮ ತಪ್ಪು. ಬಡ ಹಾಗೂ ಮಧ್ಯಮ ಆದಾಯದ ಹಲವು ದೇಶಗಳಲ್ಲಿ ಗುಣವಾಗುವವರು ಶೇ. 30ಕ್ಕೂ ಕಡಿಮೆ. 2030ರೊಳಗೆ ಶೇ. 60ರಷ್ಟಾದರೂ ಮಕ್ಕಳು ಉಳಿಯಬೇಕೆಂಬ ಗುರಿಯನ್ನು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಇಟ್ಟುಕೊಂಡಿತು.

ಹತ್ತು ಮಕ್ಕಳು ದಾಖಲಾಗಿ, ಆರು ಮಂದಿ ಗುಣವಾಗಿ, ಇಬ್ಬರು ತೀರಿಕೊಂಡು, ಇಬ್ಬರು ಬರುವುದನ್ನೇ ನಿಲ್ಲಿಸಿದರೆನ್ನಿ. ಬಾರದ ಇಬ್ಬರನ್ನು ಕೈಬಿಟ್ಟು ಎಣಿಸಿದರೆ ಫಲಿತಾಂಶ ಶೇ. 75, ಸೇರಿಸಿದರೆ ಶೇ. 60. ಚಿಕಿತ್ಸೆಯನ್ನು ಆರಂಭಿಸದೇ ಇರುವುದನ್ನೂ ಸತತ ನಾಲ್ಕು ವಾರ ತಪ್ಪಿಸುವುದನ್ನೂ ಮಕ್ಕಳ ಕ್ಯಾನ್ಸರ್ ತಜ್ಞರ ಅಂತರರಾಷ್ಟ್ರೀಯ ಸಂಘವು 'ಚಿಕಿತ್ಸೆಯ ಪರಿತ್ಯಾಗ'ವೆಂದು ಕರೆಯುತ್ತದೆ. ನಡುವೆ ಬಿಟ್ಟವರಲ್ಲಿ ಹೆಚ್ಚಿನವರಿಗೆ ರೋಗ ಮರುಕಳಿಸುವುದರಿಂದ, ಅವರನ್ನು 'ಮಾಹಿತಿ ಇಲ್ಲ' ಎಂಬ ಕಾಲಂಗೆ ತಳ್ಳದೆ ವಿಫಲತೆಯ ಸಾಲಿನಲ್ಲೇ ಎಣಿಸುವುದು ಸರಿಯಾದ ಕ್ರಮ. ರೋಗ ಪತ್ತೆಯಾಗುವ ಮೊದಲೇ ತೀರಿಕೊಂಡ ಮಕ್ಕಳಂತೂ ಯಾವ ಆಸ್ಪತ್ರೆಯ ಪುಸ್ತಕದಲ್ಲೂ ಇರುವುದಿಲ್ಲ.

ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಲಿಂಫೋಬ್ಲಾಸ್ಟಿಕ್ ಎಂಬ ಬಗೆಯ ರಕ್ತ ಕ್ಯಾನ್ಸರಿಗೆ ಎರಡರಿಂದ ಮೂರು ವರ್ಷ ಚಿಕಿತ್ಸೆ ಬೇಕು. ಕೊನೆಯ ದೀರ್ಘ ಹಂತದಲ್ಲಿ ಹೆಚ್ಚಾಗಿ ಮನೆಯಲ್ಲೇ ನುಂಗುವ ಮಾತ್ರೆಗಳು. ಆ ಹೊತ್ತಿಗೆ ಕೂದಲು ಮರಳಿ ಬಂದು, ಮಗು ಶಾಲೆಗೆ ಹೋಗುತ್ತಿರುತ್ತದೆ. ಶಿವಮೊಗ್ಗ, ಚಿಕ್ಕಮಗಳೂರು ಕಡೆಯಿಂದ ಮಣಿಪಾಲಕ್ಕೋ ಮಂಗಳೂರಿಗೋ ಆಟಿ ತಿಂಗಳ ಮಳೆಯಲ್ಲಿ ಘಾಟಿ ಇಳಿದು ಬರಬೇಕಾದ ತಂದೆಗೆ, ಎರಡು ದಿನದ ಕೂಲಿ ಬಿಟ್ಟು 'ಚೆನ್ನಾಗಿಯೇ ಇರುವ' ಮಗುವನ್ನು ಕರೆತರುವುದು ಅನಗತ್ಯವೆನಿಸಿದರೆ ಅದನ್ನು ಬೇಜವಾಬ್ದಾರಿಯೆನ್ನಲು ನನಗೆ ಮನಸ್ಸಿಲ್ಲ. (ಮುಂಬೈಗೆ ಹೋದ ಕುಟುಂಬದ ಮೊಬೈಲ್ ಸಂಖ್ಯೆ ಎಷ್ಟು ಬೇಗ ಬದಲಾಗುತ್ತದೆಂಬುದು ನಮ್ಮೂರಿನವರಿಗೆ ಹೊಸದಲ್ಲ.) ಆದುದರಿಂದ ಮೊದಲ ದಿನವೇ ನೆರೆಯವರ, ಆಶಾ ಕಾರ್ಯಕರ್ತೆಯ ಸಂಖ್ಯೆಗಳನ್ನೂ ಬರೆದುಕೊಂಡು, ಗೊತ್ತುಪಡಿಸಿದ ದಿನ ಮಗು ಬಾರದಿದ್ದರೆ ನಾಲ್ಕು ವಾರ ಕಾಯದೆ ಮರುದಿನವೇ ಕರೆ ಮಾಡುವ ಒಬ್ಬರು ಆಸ್ಪತ್ರೆಯಲ್ಲಿರಬೇಕು. ದುಬಾರಿ ಯಂತ್ರಕ್ಕಿಂತ ಮೊದಲು ಆ ಒಬ್ಬರ ಸಂಬಳಕ್ಕೆ ಹಣ ತೆಗೆದಿಡುವುದು ವಿವೇಕವೆಂದು ನಾನು ಭಾವಿಸುತ್ತೇನೆ.

ನಿಮ್ಮ ನೆರೆಮನೆಯವರು, ಬೈಗುಳ ಕೇಳಬೇಕಾದೀತೆಂಬ ಅಂಜಿಕೆಯಿಂದ ಹಿಂಜರಿಯುತ್ತಿದ್ದರೆ, ಹಳೆಯ ಚೀಟಿ ಹಿಡಿದು ಅದೇ ವಿಭಾಗಕ್ಕೆ ಹೋಗುವಂತೆ ಹೇಳಿ. ಸಾಧ್ಯವಾದರೆ ನೀವೂ ಜೊತೆಗೆ ಹೋಗಿ. ನಿಂತಿರುವ ಮಾತ್ರೆಗಳನ್ನು ವೈದ್ಯರು ನೋಡುವ ಮೊದಲು ಅವರಾಗಿಯೇ ಪುನಃ ಆರಂಭಿಸುವುದು ಬೇಡ.